ಹಮೀದುನ್ನೀಸಾ ಅವರ ಒಂಬತ್ತು ಬೆಳಗು

ಶನಿವಾರ ಬೆಳಗಿನ ಐದೂ ಮುಕ್ಕಾಲು. ಶಿಗ್ಗಾಂವದ ಹತ್ತಿ ಬೀಜ ಬೆಳೆಗಾರರ ಸಂಘದ ಕಚೇರಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಸವಣೂರಿನ ಮೊದಲ ಬಸ್ಸಿನಲ್ಲಿ ಬಂದಿಳಿದ ಹಮೀದುನ್ನೀಸಾ ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುತ್ತಾರೆ, ಬುರ್ಖಾ ಮಡಚಿ ಕುರ್ಚಿಯ ಬೆನ್ನಿಗೆ ಹಾಕುತ್ತಾರೆ, ಕಂಪ್ಯೂಟರಿನ ಗವಸು ತೆಗೆದು ಹಿಂಬದಿಯ ಗಾಳಿಕಿಂಡಿಯಲ್ಲಿ ಹತ್ತಿಯ ಎಳೆ ಸಿಕ್ಕಿದೆಯೇ ಎಂದು ಬೆರಳಾಡಿಸುತ್ತಾರೆ. ಎರಡು ಎಳೆ ಸಿಗುತ್ತವೆ. ಅವನ್ನು ತೆಗೆದು ಗುಂಡಿ ಒತ್ತುತ್ತಾರೆ. ಯಂತ್ರ ಗುಂಯ್ ಎನ್ನುತ್ತದೆ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದ ಒಂದು ಸಾಲು ಮೂಡುತ್ತದೆ. ಆಮೇಲೆ ಏನೂ ಆಗುವುದಿಲ್ಲ.

ಸಾಲು ಇಂಗ್ಲಿಷಿನದು. ಆಜ್ಞೆ ಓದುವ ಫೈಲು ಕೆಟ್ಟಿದೆ, ಇಲ್ಲವೇ ಕಾಣೆಯಾಗಿದೆ ಎಂದು ಅದರ ತಾತ್ಪರ್ಯ.

“ಬುಧವಾರದಿಂದ ಇದೊಂದ ಸಾಲು ನೋಡ್ರಿ,” ಎನ್ನುತ್ತಾರೆ ಹಮೀದುನ್ನೀಸಾ. “ದಿನಾ ಹಚ್ತೇನಿ, ದಿನಾ ಇದನ್ನ ಓದ್ತೇನಿ. ಇವತ್ತರ ಬ್ಯಾರೆ ಏನರ ಅಂದೀತು ಅಂತ ಆಸೆ.”

ಆ ಸಾಲಿನ ಅರ್ಥ ನನಗೂ ಗೊತ್ತಿದೆ. ಅದಕ್ಕೆ ಮದ್ದೇನು ಎಂಬುದು ಗೊತ್ತಿದೆ, ಆ ಮದ್ದು ಯಾರ ಮನೆಯ ಟ್ರಂಕಿನಲ್ಲಿದೆ ಎಂಬುದೂ ಗೊತ್ತಿದೆ. ನಾನು ನೋಟ್‌ಬುಕ್ ತೆಗೆದು “ಕಪ್ಪು ಪರದೆ, ಹಸಿರು ಅಕ್ಷರ” ಎಂದು ಬರೆದುಕೊಳ್ಳುತ್ತೇನೆ.

ಸೋಮವಾರ ಒಂಬತ್ತಕ್ಕೆ ಬೀಜ ಹಂಚಿಕೆ. ರೋಹಿಣಿ ಮಳೆ ಒಂದು ಸುತ್ತು ಹೊಡೆದು ಹೋಗಿದೆ, ಜನ ಬಿತ್ತಲು ಕಾದಿದ್ದಾರೆ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕಿನ ಆರು ನೂರಾ ಹನ್ನೆರಡು ಬೆಳೆಗಾರರ ಯಾದಿ ಇರುವುದು ಈ ಒಂದು ಯಂತ್ರದಲ್ಲಿ. ಸಂಕರ ಹತ್ತಿಯ ಬೀಜ ಮಾಡುವವರು ಒಂದೇ ಹೊಲದಲ್ಲಿ ಗಂಡು ಸಾಲು, ಹೆಣ್ಣು ಸಾಲು ಬೇರೆ ಬೇರೆ ಊರಬೇಕು. ಯಾರ ಹೊಲಕ್ಕೆ ಯಾವ ಗಂಡು, ಯಾವ ಹೆಣ್ಣು, ಪಕ್ಕದ ಹೊಲದ ಹತ್ತಿಯಿಂದ ಎಷ್ಟು ದೂರ ಬಿಡಬೇಕು, ಎಲ್ಲ ಆ ಯಾದಿಯಲ್ಲಿದೆ. ಹೊಲ ನೋಡಿ ಬರೆದುಕೊಂಡು ಬಂದ ಚೀಟಿಗಳು ಗೋಣಿಚೀಲದಲ್ಲಿ ಇವೆ, ನಿಜ. ಆದರೆ ಅವನ್ನೆಲ್ಲ ಮತ್ತೆ ಹೊಂದಿಸಲು ಒಂದು ತಿಂಗಳು ಬೇಕು. ಸೋಮವಾರ ಯಾದಿ ಹೊರಬೀಳದಿದ್ದರೆ ಯಂತ್ರವನ್ನು ಕಂಪನಿಗೆ ಮರಳಿಸುವುದು, ಹಮೀದುನ್ನೀಸಾ ಬಾಯಿಯವರನ್ನು ಟಪಾಲು ಮೇಜಿಗೆ ಕೂಡಿಸುವುದು ಎಂದು ಸಂಘದ ಕಾರ್ಯದರ್ಶಿ ಹೇಳಿಬಿಟ್ಟಿದ್ದಾರೆ. ಟಪಾಲು ಮೇಜು ಎಂದರೆ ಬಂದ ಪತ್ರಕ್ಕೆ ಶಿಕ್ಕಾ ಹೊಡೆಯುವುದು, ಹೋಗುವ ಪತ್ರಕ್ಕೆ ಅಂಟು ಹಚ್ಚುವುದು.

ಈ ಬರಹಕ್ಕಾಗಿ ನನ್ನನ್ನು ಕಳಿಸುವಾಗ ಸಂಪಾದಕರು ಜೊತೆಗೊಂದು ಪೋಸ್ಟ್ ಕಾರ್ಡು ಇಟ್ಟಿದ್ದರು. “ನಮ್ಮ ಕಚೇರಿಯಲ್ಲಿ ಹಮೀದುನ್ನೀಸಾ ಎಂಬ ಬಾಯಿಯವರು ಕಂಪ್ಯೂಟರ್ ನಡೆಸುತ್ತಾರೆ. ನಾಲ್ಕು ತಾಲ್ಲೂಕಿಗೆ ಒಂದೇ ಯಂತ್ರ, ಒಬ್ಬರೇ ಬಾಯಿ. ನಿಮ್ಮ ಹಾನಗಲ್ ಬಾತ್ಮೀದಾರರನ್ನೇ ಕಳಿಸಿ ಬರೆಸಬೇಕು. ಬೀಜ ಹಂಚುವ ಮೊದಲು ಬಂದರೆ ಅನುಕೂಲ. ಇತಿ, ಗುದ್ಲೆಪ್ಪ, ಸಿಪಾಯಿ.” ಹಾನಗಲ್ ಬಾತ್ಮೀದಾರ ಉಡಚಪ್ಪ ಎಂದರೆ ನಾನೇ. ಎರಡು ವರ್ಷದಿಂದ ಕೆರೆ ಒಡೆದದ್ದು, ಬಸ್ಸು ಉರುಳಿದ್ದು, ಎತ್ತು ಕಳವಾದದ್ದು ಎಲ್ಲ ಬರೆದಿದ್ದೇನೆ. ನನ್ನ ಬಗ್ಗೆ ಒಬ್ಬನಾದರೂ ಒಂದು ಕಾರ್ಡು ಬರೆದಿದ್ದಾನೆಯೇ? ಹದಿನೈದು ಪೈಸೆಯ ಆ ಕಾರ್ಡು ಓದಿದಾಗಲೇ ನನಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು.

ಹತ್ತಿಕೊಂಡಿತು ಎಂದರೆ ಸುಳ್ಳಾದೀತು. ಅದು ಹದಿನೈದು ವರ್ಷದ ಹಿಂದೆಯೇ ಹತ್ತಿದ ಕಿಚ್ಚು, ಕಾರ್ಡು ಬಂದು ಬೂದಿ ಕೆದಕಿತು ಅಷ್ಟೆ. ಪತ್ರಿಕೆಯ ರೂಢಿಯಂತೆ ಇಲ್ಲಿ “ಅವರು” ಎಂದು ಬರೆಯುತ್ತಿದ್ದೇನೆ. ಮನಸ್ಸಿನಲ್ಲಿ ಅವರು ಇಂದಿಗೂ “ಅವಳೊಬ್ಬಳು” ಎಂದೇ ಇದ್ದಾರೆ. ಸಂಪಾದಕರು ಈ ಸಾಲು ತೆಗೆಯುವುದಾದರೆ ತೆಗೆಯಲಿ.

1974ರಲ್ಲಿ ನಾವಿಬ್ಬರೂ ಸವಣೂರಿನ ಟೈಪಿಂಗ್ ಕ್ಲಾಸಿನಲ್ಲಿದ್ದೆವು. ಮಾಸ್ತರರು ಕೀಲಿಗಳ ಮೇಲೆ ರಟ್ಟು ಮುಚ್ಚಿ, ಗೋಡೆ ನೋಡುತ್ತ ಟೈಪು ಮಾಡಿರಿ ಎನ್ನುತ್ತಿದ್ದರು. ನನ್ನದು ನಿಮಿಷಕ್ಕೆ ಮೂವತ್ತೆಂಟು ಪದ. ಊರಿನ ಗಂಡುಮಕ್ಕಳಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಒಂದು ದಿನ ನಬೀಸಾಬರ ಮಗಳು ಹಮೀದುನ್ನೀಸಾ ಬಂದು ನನ್ನ ಪಕ್ಕದ ಮಷೀನಿಗೆ ಕೂತರು. ಮೂರು ತಿಂಗಳಿಗೆ ಅವರದು ನಲವತ್ತೈದಾಯಿತು. ಮಾಸ್ತರರು ನನ್ನನ್ನು ಎಬ್ಬಿಸಿ, ಅವರಿಗೆ ಓದಿ ಹೇಳುವ ಕೆಲಸಕ್ಕೆ ಹಚ್ಚಿದರು. ನಾನು ಓದುವುದು, ಅವರು ಹೊಡೆಯುವುದು. ಸಾಲಿನ ಕೊನೆಗೆ ಗಂಟೆ ಟಣ್ ಎಂದಾಗಲೆಲ್ಲ ನನ್ನ ತಲೆಗೆ ಬಡಿದಂತಾಗುತ್ತಿತ್ತು.

ನಬೀಸಾಬರದು ಸವಣೂರಿನಲ್ಲಿ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದ ಎಲೆತೋಟ. ತಾಯಿ ಖತೀಜಾಬಿ ಮತ್ತು ಮಕ್ಕಳು ಕೂತು ವೀಳ್ಯದೆಲೆ ಆರಿಸಿ ಕಟ್ಟು ಕಟ್ಟುತ್ತಿದ್ದರು. ಹಮೀದುನ್ನೀಸಾ ಏಳನೇ ವಯಸ್ಸಿನಿಂದ ಆ ಕೆಲಸ ಮಾಡಿದವರು. ಕಂಪ್ಯೂಟರಿನ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದರೆ ಹುಬ್ಬಳ್ಳಿಯ ತರಬೇತಿಯ ಹೆಸರು ಹೇಳುವುದಿಲ್ಲ, ಎಲೆತೋಟದ ಹೆಸರು ಹೇಳುತ್ತಾರೆ.

“ಕೊಳತ ಎಲಿ ಬಾಜೂಕಿನ ಎಲಿಗೆ ಹತ್ತೂದರಾಗ ಚಲೋ ಎಲಿ ತಗೊಂಡ ಬಿಡಬೇಕ್ರಿ. ಕೊಳತದ್ದನ್ನ ಕೆದಕ್ಕೋತ ಕುಂತ್ರ ಚಲೋದೂ ಹೊಕ್ಕೈತಿ. ಅವ್ವ ಕೈಮ್ಯಾಲೆ ಬಡದ ಕಲಿಸ್ಯಾಳ.”

1978ರಲ್ಲಿ ಅವರು ಈ ಸಂಘದ ಮುಖ್ಯ ಕಚೇರಿಗೆ ಹಂಗಾಮಿ ಟೈಪಿಸ್ಟಾಗಿ ಸೇರಿದರು. ಹನ್ನೊಂದು ವರ್ಷವಾಯಿತು, ಹಂಗಾಮು ಮುಗಿದಿಲ್ಲ. ನಾನು ಅದಕ್ಕೂ ಎರಡು ವರ್ಷ ಮೊದಲೇ ಸಂಘದ ಹಾನಗಲ್ ಶಾಖೆಯಲ್ಲಿ ಕಾಯಂ ಟೈಪಿಸ್ಟು. ಕಾಯಂ ಎಂಬ ಒಂದು ವಿಷಯದಲ್ಲಿ ನಾನು ಅವರಿಗಿಂತ ಮೇಲಿದ್ದೆ, ಅದನ್ನು ದಿನಾ ಬೆಳಗ್ಗೆ ನೆನೆದು ಚಹಾ ಕುಡಿಯುತ್ತಿದ್ದೆ. 1987ರಲ್ಲಿ ಸಂಘ ಕಂಪ್ಯೂಟರು ತರಿಸಿತು. ಅದನ್ನು ಕಲಿಯಲು ಹುಬ್ಬಳ್ಳಿಗೆ ಹನ್ನೆರಡು ದಿನ ನಮ್ಮಿಬ್ಬರನ್ನು ಕಳಿಸಿದರು, ಇಬ್ಬರಲ್ಲಿ ಒಬ್ಬರನ್ನು ಆರಿಸುತ್ತೇವೆ ಎಂದರು. ಐದನೆಯ ದಿನ ಕಲಿಸುವವರು ಯಂತ್ರದ ಮುಚ್ಚಳ ಬಿಚ್ಚಿ, ಯಾರು ಮುಟ್ಟಿ ನೋಡುತ್ತೀರಿ ಎಂದು ಕೇಳಿದಾಗ ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅವರು ತೋಳು ಮಡಚಿದರು. ಫಲಿತಾಂಶ ಏನಾಯಿತೆಂದು ಬರೆಯಬೇಕಾಗಿಲ್ಲ. ನಾನು ರಾಜೀನಾಮೆ ಟೈಪು ಮಾಡಿ ಕೊಟ್ಟು ಬಂದೆ. ಸಿಟ್ಟಿನಲ್ಲಿ ಹೊಡೆದದ್ದಕ್ಕೆ ಅದರಲ್ಲಿ ಎರಡು ತಪ್ಪಿದ್ದವು.

ತರಬೇತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫ್ಲಾಪಿ ಕೊಟ್ಟಿದ್ದರು. ಲಗ್ನಪತ್ರಿಕೆಯಷ್ಟು ಅಗಲದ, ಕಪ್ಪನೆಯ, ತೆಳ್ಳನೆಯ ಚೌಕ. ಯಂತ್ರ ಎದ್ದ ಕೂಡಲೇ ಮೊದಲು ಓದಿಕೊಳ್ಳುವ ಸಿಸ್ಟಮ್ ಸಾಫ್ಟ್‌ವೇರು ಅದರಲ್ಲಿರುತ್ತದೆ. ಅದು ಇದ್ದರೆ ಯಂತ್ರಕ್ಕೆ ಮಾತು ತಿಳಿಯುತ್ತದೆ, ಇಲ್ಲದಿದ್ದರೆ ಅದು ಬರೀ ತಗಡು. ಕೊನೆಯ ದಿನ ಎಲ್ಲರೂ ಫ್ಲಾಪಿ ಮರಳಿಸಬೇಕಿತ್ತು. ಹಮೀದುನ್ನೀಸಾ ಮರಳಿಸಿದರು. ನಾನು ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಹಾನಗಲ್ಲಿನ ಬಸ್ಸು ಹತ್ತಿದೆ. ಯಾತಕ್ಕೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಯಂತ್ರ ಅವರಿಗೆ ಸಿಕ್ಕಿತಲ್ಲ, ಇದೊಂದಾದರೂ ನನಗಿರಲಿ ಎನ್ನಿಸಿರಬೇಕು.

ಹಾಗಾದರೆ ಸಂಘದ ಸ್ವಂತ ಮೂಲ ಫ್ಲಾಪಿ ಎಲ್ಲಿ? ಅದರ ಕತೆಯನ್ನು ಸಿಪಾಯಿ ಗುದ್ಲೆಪ್ಪ ತಲೆ ತಗ್ಗಿಸಿಕೊಂಡು ಹೇಳುತ್ತಾರೆ. ಹೋದ ವರ್ಷ ಮಹಾನವಮಿಗೆ ಕಚೇರಿಯಲ್ಲಿ ಆಯುಧಪೂಜೆ. ತಕ್ಕಡಿ, ಟೈಪ್‌ರೈಟರು, ಸೈಕಲ್ಲು, ಕಂಪ್ಯೂಟರು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಫ್ಲಾಪಿಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟಿದ್ದರು. ಇದರೊಳಗೆ ಮೂಲ ಯಾವುದು ಎಂದು ಕೇಳಿ ತಿಳಿದುಕೊಂಡ ಗುದ್ಲೆಪ್ಪ ಅದಕ್ಕೆ ಉಳಿದವುಗಳಿಗಿಂತ ಹೆಚ್ಚು ಭಕ್ತಿಯಿಂದ ಹಚ್ಚಿದರು. ಫ್ಲಾಪಿಯ ಮೇಲೆ ಮೊಟ್ಟೆಯಾಕಾರದ ಒಂದು ತೆರಪು ಇರುತ್ತದೆ, ಯಂತ್ರ ಓದುವುದು ಆ ತೆರಪಿನಿಂದಲೇ. ಗುದ್ಲೆಪ್ಪ ಕುಂಕುಮ ಅದ್ದಿದ ಬೆರಳನ್ನು ಸರಿಯಾಗಿ ಅಲ್ಲಿಗೇ ಒತ್ತಿದರು.

“ಅದು ಹಣಿ ಅಂತ ತಿಳದ್ನಿರಿ,” ಎನ್ನುತ್ತಾರೆ. “ಮಂದಿಗೆ ಹಚ್ಚಿದಂಗ ನಟ್ಟನಡುವ ಹಚ್ಚಿದ್ನಿ.”

ಹಮೀದುನ್ನೀಸಾ ಅಲ್ಲೇ ನಿಂತಿದ್ದರಂತೆ. ಬೇಡ ಎನ್ನಲಿಲ್ಲವೇ?

“ಬಾಯಿಗೆ ಬಂದಿತ್ರಿ. ಆದ್ರ ಪೂಜಾ ನಡದಾಗ ನಾನು ಕುಂಕುಮ ಬ್ಯಾಡ ಅಂದ್ರ ಅದಕ್ಕ ಬ್ಯಾರೆ ಅರ್ಥ ಹಚ್ತಿದ್ರು. ಇಂವ ಪಾಪ, ಪ್ರೀತಿಲೆ ಹಚ್ಚಾಕತ್ತಿದ್ದ. ಕಂಪನಿಗೆ ಬರದು ಇನ್ನೊಂದು ತರಿಸಿದ್ರಾತು ಅಂತ ಸುಮ್ನ ನಿಂತೆ.” ಕಂಪನಿಗೆ ನಾಲ್ಕು ಪತ್ರ ಹೋಗಿವೆ. ಫ್ಲಾಪಿ ಬಂದಿಲ್ಲ.

ಈ ವರ್ಷ ಯುಗಾದಿಯ ಹೊತ್ತಿಗೆ ಯಂತ್ರದ ಹೊಟ್ಟೆಯೊಳಗೆ ಕರ್ ಕರ್ ಸದ್ದು ಹುಟ್ಟಿತು. ಅಲ್ಲಿ ಹಾರ್ಡ್ ಡಿಸ್ಕ್ ಎಂಬ ಡಬ್ಬಿ ಇದೆ, ಟೈಪು ಮಾಡಿದ್ದೆಲ್ಲ ಉಳಿಯುವುದು ಅದರಲ್ಲಿ. ಅದು ಸಾಯುತ್ತಿದೆ ಎಂದು ಹಮೀದುನ್ನೀಸಾ ಅವರಿಗೆ ಸದ್ದಿನಲ್ಲೇ ತಿಳಿಯಿತು. ಹದಿನೈದು ದಿನಕ್ಕೊಮ್ಮೆ ಹುಬ್ಬಳ್ಳಿಯಿಂದ ಬರುವ ಎಂಜಿನಿಯರು ಹೊಸ ಡಬ್ಬಿಯೊಂದನ್ನು ಹಳೆಯದರ ಪಕ್ಕಕ್ಕೆ ಜೋಡಿಸಿ, ಇದರಿಂದ ಅದಕ್ಕೆ ಇಳಿಸಿಕೊಳ್ಳಿ ಎಂದು ಹೇಳಿ ಬಸ್ಸಿನ ಹೊತ್ತಾಯಿತೆಂದು ಹೊರಟುಹೋದರು. ಹಳೆಯ ಡಬ್ಬಿ ತಣ್ಣಗಿದ್ದಾಗ ಮಾತ್ರ ಓದುತ್ತಿತ್ತು. ನಲವತ್ತು ನಿಮಿಷ ನಡೆದು ಬಿಸಿಯಾದರೆ ಮುಷ್ಕರ. ಅದರ ಮೇಲೆ, ಏಳು ಗಂಟೆಗೆ ಪಕ್ಕದ ಹಿಟ್ಟಿನ ಗಿರಣಿ ಶುರುವಾದರೆ ವೋಲ್ಟೇಜು ಇಳಿಯುತ್ತದೆ. ಆದ್ದರಿಂದ ಬೆಳಗಿನ ಜಾವದ ಬಸ್ಸು, ದಿನಕ್ಕೆ ನಲವತ್ತು ನಿಮಿಷದ ಕೆಲಸ.

ಎಲೆ ಆರಿಸಿದಂತೆಯೇ ಅವರು ಫೈಲು ಆರಿಸಿದರು. ಮೊದಲ ನಾಲ್ಕು ಬೆಳಗು ಕೊಳೆಯದ ಭಾಗವಷ್ಟೇ. ಓದಲಾಗದ ಜಾಗ ಬಂದರೆ ಯಂತ್ರ ಪ್ರಶ್ನೆ ಕೇಳುತ್ತದೆ: ಬಿಟ್ಟುಬಿಡಲೇ, ಇನ್ನೊಮ್ಮೆ ನೋಡಲೇ, ಕಾಣದಂತೆ ದಾಟಿ ಹೋಗಲೇ? ಅಂಥ ಫೈಲನ್ನು ಅಲ್ಲಿಗೇ ಬಿಟ್ಟು ಹೆಸರು ಬರೆದಿಟ್ಟುಕೊಂಡು ಮುಂದಿನದಕ್ಕೆ ಹೋದರು. ಐದನೆಯ ಬೆಳಗಿನಿಂದ ಕೊಳೆತದ್ದಕ್ಕೆ ಕೈ ಹಾಕಿದರು. ಇನ್ನೊಮ್ಮೆ ನೋಡು ಎನ್ನುವ ಕೀಲಿಯನ್ನು ಎಷ್ಟು ಸಲ ಒತ್ತಿದಿರಿ ಎಂದರೆ ಬಲಗೈ ಹಿಡಿದು ತೋರಿಸುತ್ತಾರೆ, ಬೆರಳ ತುದಿಯಲ್ಲಿ ಜಡ್ಡು ಕಟ್ಟಿದೆ.

“ಹಿರೇಬೆಂಡಿಗೇರಿ ಯಾದಿ ಒಂದಕ್ಕ ಮುನ್ನೂರಾ ನಲವತ್ತು ಸಲ ಎಣಿಸೇನ್ರಿ, ಮುಂದ ಎಣಿಸೂದು ಬಿಟ್ಟೆ. ಮುನ್ನೂರಾ ನಲವತ್ತು ಸಲ ಇಲ್ಲ ಅಂದದ್ದು ಮತ್ತೊಂದ ಸಲಕ್ಕ ಹೂಂ ಅಂತೈತಿ.”

ಒಂಬತ್ತನೆಯ ಬೆಳಗು, ಅಂದರೆ ಮೊನ್ನೆ ಬುಧವಾರ, ಹಳೆಯ ಡಬ್ಬಿಯ ಸದ್ದು ಬದಲಾಯಿತು. ಇನ್ನು ಐದಾರು ನಿಮಿಷ ಬದುಕೀತು ಎನ್ನಿಸಿತು. ಉಳಿದದ್ದು ಎರಡೇ: ಹತ್ತಿಮತ್ತೂರಿನ ಬೆಳೆಗಾರರ ಯಾದಿ, ಮತ್ತು ಯಂತ್ರವನ್ನು ಎಬ್ಬಿಸುವ ಸಿಸ್ಟಮ್ ಫೈಲುಗಳು. ಸಿಸ್ಟಮ್ ಫೈಲಿಗೆ ಅವರು “ಕಾಣದಂತೆ ದಾಟಿ ಹೋಗು” ಒತ್ತಿದರು, ಅದು ಅರ್ಧಂಬರ್ಧ ಹರಿದೇ ಹೊಸ ಡಬ್ಬಿಗೆ ಇಳಿಯಿತು. ಉಳಿದ ನಿಮಿಷವನ್ನೆಲ್ಲ ಹತ್ತಿಮತ್ತೂರಿಗೆ ಕೊಟ್ಟರು.

“ಮನಿಗೆ ಬೆಂಕಿ ಬಿದ್ರ ಮೊದಲ ಕೂಸಿನ ಎತ್ಕೊಂಡ ಬರ್ತೀವಿ. ಬಾಗಲಾ ಆಮ್ಯಾಲೆ ಕೂಡಿಸಬಹುದು. ಹೌದಲ್ರಿ?”

ಹೌದು. ಆದರೆ ಬಾಗಿಲು ಕೂಡಿಸಲು ಮೂಲ ಫ್ಲಾಪಿ ಬೇಕು, ಇದ್ದ ಒಂದರ ಹಣೆಗೆ ಕುಂಕುಮ ಬಿದ್ದಿದೆ. ಎಂಜಿನಿಯರು ಮತ್ತೆ ಬರುವುದು ಹಂಚಿಕೆ ಮುಗಿದ ಮೇಲೆಯೇ. ಹಳೆಯ ಡಬ್ಬಿ ಆರೂ ಇಪ್ಪತ್ತಕ್ಕೆ ಸತ್ತಿತು. ಹೊಸದರೊಳಗೆ ಆರು ನೂರು ಬೆಳೆಗಾರರು ಹೊರಗೆ ಬರಲಾಗದೆ ಕೂತಿದ್ದಾರೆ.

ಶನಿವಾರ ಎಂಟು ಗಂಟೆಗೆ ದುಂಡಸಿಯ ಅನ್ನವ್ವ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂಡುತ್ತಾರೆ. ಅವರದು ಅರ್ಧ ಎಕರೆ ಬೀಜದ ಪ್ಲಾಟು. ಯಾದಿಯನ್ನು ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಒಮ್ಮೆ ಅವರಿಗೆ ಪಕ್ಕದವರ ಗಂಡು ಬೀಜದ ಪೊಟ್ಟಣ ಹೋಗಿತ್ತು. “ಎರಡು ತಿಂಗಳು ದಿನಾ ಮುಂಜಾನೆ ಹೂವಿಗೆ ಹೂವು ಮುಟ್ಟಿಸಿದ್ನಿ. ಕಡೀಕ ನಿನ್ನ ಬೀಜ ನಡ್ಯಾಂಗಿಲ್ಲ ಅಂತ ಚೀಲಾ ಹೊಳ್ಳಿ ಕಳಿಸಿದ್ರು. ಈ ಬಾಯಾರು ಮಷೀನಿಗೆ ಕುಂತ ಮ್ಯಾಲೆ ಹಂಗ ಆಗಿಲ್ಲ,” ಎಂದು ಅನ್ನವ್ವ ನನಗೆ ಹೇಳುತ್ತಾರೆ. ನಾನು ಬರೆದುಕೊಳ್ಳುತ್ತೇನೆ. ಬರೆಯುವಾಗ ಪೆನ್ನು ಸ್ವಲ್ಪ ಹೆಚ್ಚೇ ಒತ್ತುತ್ತದೆ.

ಹೊರಡುವಾಗ ನನಗೆ ಕೆಟ್ಟ ಬುದ್ಧಿ ಬಂತು. ಏನೂ ತಿಳಿಯದವನಂತೆ, ಅಂಥ ಫ್ಲಾಪಿ ಮತ್ತೆಲ್ಲಾದರೂ ಸಿಗಬಹುದೇ ಎಂದು ಕೇಳಿದೆ. ಹಮೀದುನ್ನೀಸಾ ಗವಸಿನ ಲಾಡಿ ಕಟ್ಟುತ್ತಿದ್ದರು. “ಇರಬಹುದ್ರಿ,” ಎಂದರು, ಲಾಡಿಯಿಂದ ಕಣ್ಣು ತೆಗೆಯದೆ. “ಇದ್ದವರಿಗೆ ಗೊತ್ತಿರ್ತೈತಿ.”

ಬಂಕಾಪುರದ ಮೇಲಿನಿಂದ ಹಾನಗಲ್ಲಿಗೆ ಬರುವ ದಾರಿಯುದ್ದಕ್ಕೂ ನಾನು ಖುಷಿಯಾಗಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಖುಷಿಯಾಗಿದ್ದೆ. ಟಪಾಲು ಮೇಜಿನಲ್ಲಿ ಶಿಕ್ಕಾ ಹೊಡೆಯುತ್ತ ಕೂತ ಹಮೀದುನ್ನೀಸಾ ಅವರನ್ನು ಕಣ್ಣಿಗೆ ಕಟ್ಟುವಂತೆ ಕಲ್ಪಿಸಿಕೊಂಡೆ. ಮನೆಗೆ ಬಂದು ಉಂಡು ಟ್ರಂಕು ತೆಗೆದೆ. ಧೋತರದ ಮಡಿಕೆಯಲ್ಲಿ ಫ್ಲಾಪಿ ಹೇಗಿತ್ತೋ ಹಾಗೇ ಇತ್ತು.

ನನ್ನ ಹೆಂಡತಿ ಶಂಕ್ರವ್ವ ಅಕ್ಕಿ ಹಸನು ಮಾಡುತ್ತಿದ್ದವಳು ತಲೆ ಎತ್ತಿ ನೋಡಿದಳು. “ಎರಡು ವರ್ಷ ಆತು, ಅದನ್ನ ತಗೀತೀರಿ, ನೋಡ್ತೀರಿ, ಮತ್ತ ಮುಚ್ಚಿಡ್ತೀರಿ. ನಮ್ಮನ್ಯಾಗ ಅದನ್ನ ಹಾಕಾಕ ಮಷೀನರ ಐತೇನು?”

ಇಲ್ಲ. ಆ ಸಂಜೆಯ ಬಸ್ಸಿಗೆ ನಾನು ಮತ್ತೆ ಶಿಗ್ಗಾಂವಕ್ಕೆ ಹೊರಟದ್ದು ಪುಣ್ಯದ ಮಾತೇನಲ್ಲ. ಅನ್ನವ್ವನ ಮುಖ ನೆನಪಾಯಿತು ಎಂದು ಬರೆದರೆ ಓದುಗರು ಮೆಚ್ಚುತ್ತಾರೆ. ಅದು ನೆನಪಾದದ್ದೂ ಹೌದು. ಆದರೆ ಅದಕ್ಕಿಂತ ಮೊದಲು ಹೊಳೆದದ್ದು ಬೇರೆ. ಯಂತ್ರ ಹೋಗಿ ಅವರು ಟಪಾಲು ಮೇಜಿಗೆ ಕೂತರೆ ನಾನು ಇನ್ನು ಯಾರ ಮೇಲೆ ಹೊಟ್ಟೆಕಿಚ್ಚು ಪಡಲಿ? ಅಂಟು ಹಚ್ಚುವವರ ಕೈಯಲ್ಲಿ ಸೋತವನು ಎಂದರೆ ನನ್ನ ಹದಿನೈದು ವರ್ಷಕ್ಕೆ ಏನು ಮರ್ಯಾದೆ ಉಳಿಯಿತು?

ಭಾನುವಾರ, ಮತ್ತೆ ಐದೂ ಮುಕ್ಕಾಲು. ಹಳೇ ಸಾಮಾನಿನಲ್ಲಿ ಸಿಕ್ಕಿತು ಎಂದು ಸುಳ್ಳು ಹೇಳಿ ಫ್ಲಾಪಿಯನ್ನು ಮೇಜಿನ ಮೇಲಿಡುತ್ತೇನೆ. ಹಮೀದುನ್ನೀಸಾ ಎಲ್ಲಿ, ಹೇಗೆ ಎಂದು ಕೇಳುವುದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಎರಡೂ ಅಂಚಿನಲ್ಲಿ ಹಿಡಿದು ಟ್ಯೂಬ್‌ಲೈಟಿಗೆ ಅಡ್ಡ ಮಾಡಿ ತೆರಪನ್ನು ನೋಡುತ್ತಾರೆ.

“ಇದಕ್ಕ ಯಾರೂ ಕುಂಕುಮ ಹಚ್ಚಿಲ್ಲ,” ಎನ್ನುತ್ತಾರೆ. ಬಾಗಿಲಲ್ಲಿ ನಿಂತ ಗುದ್ಲೆಪ್ಪ ಬೇರೆ ಕಡೆ ನೋಡುತ್ತಾರೆ.

ಫ್ಲಾಪಿಯ ಅಂಚಿನಲ್ಲಿರುವ ಕಚ್ಚಿನ ಮೇಲೆ ಮೊದಲು ಒಂದು ಕಾಗದದ ಪಟ್ಟಿ ಅಂಟಿಸುತ್ತಾರೆ, ಅಪ್ಪಿತಪ್ಪಿ ಅದರ ಮೇಲೆ ಏನೂ ಬರೆಯಲ್ಪಡದಿರಲಿ ಎಂದು. ಇದು ನನಗೆ ನೆನಪೇ ಇರಲಿಲ್ಲ. ಫ್ಲಾಪಿ ಒಳಗೆ ಹಾಕಿ ಗುಂಡಿ ಒತ್ತುತ್ತಾರೆ. ಯಂತ್ರ ಕಿರ್ರ್ ಎಂದು ಓದಿ, ಇವತ್ತು ತಾರೀಖು ಎಷ್ಟು ಎಂದು ಕೇಳುತ್ತದೆ. ನಾಲ್ಕು ದಿನದಿಂದ ಒಂದೇ ಸಾಲು ಹೇಳುತ್ತಿದ್ದದ್ದು ಈಗ ತಾರೀಖು ಕೇಳುತ್ತಿದೆ! ಹಮೀದುನ್ನೀಸಾ ಪರದೆ ನೋಡುತ್ತಲೇ ತಾರೀಖು ಹೊಡೆಯುತ್ತಾರೆ, ಕೀಲಿಗಳ ಮೇಲೆ ಈಗಲೂ ರಟ್ಟು ಮುಚ್ಚಿರುವಂತೆ. ಮೊದಲು ಬೆಳೆಗಾರರ ಯಾದಿ ಇದೆಯೇ ಎಂದು ಇಣುಕಿ ನೋಡುತ್ತಾರೆ. ಇದೆ. ಆಮೇಲೆ ಹರಿದುಹೋದ ಸಿಸ್ಟಮ್ ಫೈಲುಗಳ ಜಾಗಕ್ಕೆ ಫ್ಲಾಪಿಯಿಂದ ಹೊಸವನ್ನು ಕೂಡಿಸುವ ಆಜ್ಞೆ ಕೊಡುತ್ತಾರೆ. ಆಜ್ಞೆ ಓದುವ ಫೈಲನ್ನು ಬೇರೆಯಾಗಿ ಇಳಿಸುತ್ತಾರೆ. ಹನ್ನೊಂದು ನಿಮಿಷ. ಫ್ಲಾಪಿ ಹೊರಗೆ ತೆಗೆದು, ಯಂತ್ರ ಆರಿಸಿ, ಏಕ್ ದೋ ತೀನ್ ಎಂದು ಹತ್ತರವರೆಗೆ ಎಣಿಸುತ್ತಾರೆ.

ಅವರು ಎಣಿಸುವಾಗಲೂ ನನ್ನ ಮನಸ್ಸಿನ ಒಂದು ಮೂಲೆ ಯಂತ್ರಕ್ಕೆ “ಏಳಬೇಡ” ಎನ್ನುತ್ತಿತ್ತು. ಫ್ಲಾಪಿ ತಂದುಕೊಟ್ಟವನೂ ನಾನೇ, ಹಾಗೆ ಅಂದವನೂ ನಾನೇ.

ಎದ್ದಿತು. ತನ್ನ ಡಬ್ಬಿಯಿಂದ ತಾನೇ ಎದ್ದಿತು. ಗುದ್ಲೆಪ್ಪ ಎರಡೂ ಕೈ ಎತ್ತಿ ಮುಗಿದರು. ಹಮೀದುನ್ನೀಸಾ ಕುರ್ಚಿಯ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು, ಮೂಗಿನ ಪಕ್ಕದಲ್ಲಿ ಒಂದು ಹನಿ ಇಳಿಯಿತು. ಅದನ್ನು ಬೆರಳಿನಿಂದ ಒರೆಸಿ, ಆ ಒದ್ದೆ ಬೆರಳು ಕೀಲಿಗೆ ತಾಗದಂತೆ ಸೆರಗಿಗೆ ಉಜ್ಜಿಕೊಂಡರು.

ಯಾದಿಯಲ್ಲಿ ಹದಿನೇಳು ಹೆಸರು ಇರಲಿಲ್ಲ, ಹನ್ನೆರಡು ಹಿರೇಕೆರೂರು ತಾಲ್ಲೂಕಿನವು, ಐದು ಹತ್ತಿಮತ್ತೂರಿನವು. ಗೋಣಿಚೀಲ ಸುರುವಿ ಗುದ್ಲೆಪ್ಪ ಮತ್ತು ನಾನು ಮಧ್ಯಾಹ್ನದವರೆಗೆ ಆ ಹದಿನೇಳು ಚೀಟಿ ಹುಡುಕಿದೆವು. ಆಮೇಲೆ ನಾನು ಒಂದೊಂದಾಗಿ ಓದಿ ಹೇಳಿದೆ, ಅವರು ಹೊಡೆದರು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಓದುತ್ತಿದ್ದವನಿಗೆ ಸಾಲಿನ ಕೊನೆಗೆ ಟಣ್ ಎನ್ನುವ ಗಂಟೆ ಇಲ್ಲದ್ದು ವಿಚಿತ್ರವಾಗಿತ್ತು. ಹದಿನೈದು ವರ್ಷದಲ್ಲಿ ನಾನು ಬಂದು ನಿಂತದ್ದು ಅದೇ ಜಾಗಕ್ಕೆ.

ಸೋಮವಾರ ಒಂಬತ್ತಕ್ಕೆ ಯಾದಿಯ ಉದ್ದನೆಯ ಕಾಗದ ಹಂಚಿಕೆಯ ಮೇಜಿನ ಮೇಲೆ ಮಡಿಕೆ ಮಡಿಕೆಯಾಗಿ ಬಿದ್ದಿದೆ. ದುಂಡಸಿಯ ಅನ್ನವ್ವ ಎರಡು ಪೊಟ್ಟಣ ಕೈಗೆ ತೆಗೆದುಕೊಂಡು, “ಗಂಡೂ ನಂದ, ಹೆಣ್ಣೂ ನಂದ ಹೌದಿಲ್ರಿ?” ಎಂದು ಎರಡೆರಡು ಸಲ ಕೇಳಿ ಸೆರಗಿಗೆ ಕಟ್ಟಿಕೊಳ್ಳುತ್ತಾರೆ. ಕಾರ್ಯದರ್ಶಿಗಳು ಯಂತ್ರ ಮರಳಿಸುವ ಮಾತು ಎತ್ತುವುದಿಲ್ಲ. ಬಾಯಿಯವರ ನೌಕರಿ ಕಾಯಂ ಆಗುವುದೇ ಎಂದು ನಾನು ಪತ್ರಿಕೆಯವನ ಗತ್ತಿನಲ್ಲಿ ಕೇಳಿದ್ದಕ್ಕೆ “ನೋಡೂಣ್ರಿ” ಎಂದು ಹೇಳಿ ಬೀಜದ ಚೀಲಗಳ ಕಡೆ ಹೋಗುತ್ತಾರೆ.

ಚೀಲಗಳು ಖಾಲಿಯಾದದ್ದಕ್ಕೆ ಗುದ್ಲೆಪ್ಪ ರಜಿಸ್ಟರಿನಲ್ಲಿ ಸಹಿ ಹಾಕಬೇಕು. ನಾಲಿಗೆ ಹೊರಗೆ ಚಾಚಿ, ಒಂದೊಂದೇ ಅಕ್ಷರವನ್ನು ಗೋಡೆ ಕಟ್ಟುವವರಂತೆ ಕೂಡಿಸುತ್ತಾರೆ. ಮೂರು ಅಕ್ಷರಕ್ಕೆ ಅರ್ಧ ನಿಮಿಷ. ನೋಡುತ್ತ ನಿಂತ ನಾನು ಜೇಬಿನಿಂದ ಸಂಪಾದಕರು ಕಳಿಸಿದ್ದ ಕಾರ್ಡು ತೆಗೆಯುತ್ತೇನೆ. ಕಾರ್ಡಿನ ಅಕ್ಷರ ಸಾಲು ಹಿಡಿದು ನಿಂತಿವೆ, ಸಣ್ಣವು, ಒಂದೇ ಅಳತೆಯವು.

“ನನಗ ಸಹಿ ಅಷ್ಟ ಬರ್ತೈತ್ರಿ,” ಎಂದು ಗುದ್ಲೆಪ್ಪ ನಗುತ್ತಾರೆ. “ಕಾರ್ಡು ಬರದವರು ಬಾಯಾರು. ಹೆಸರು ನಂದ ಹಾಕ್ರಿ ಅಂದೆ. ಕುಂಕುಮ ಹಚ್ಚಿದಾಂವ ನಾನಲ್ಲೇನ್ರಿ?”

ಒಳಗೆ ಹೋಗಿ ಕಾರ್ಡನ್ನು ಹಮೀದುನ್ನೀಸಾ ಅವರ ಮುಂದೆ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

“ಚಳಿಗಾಲದಾಗ ಹುಬ್ಬಳ್ಳಿಗೆ ಹೋಗಿದ್ನಿರಿ, ತರಬೇತಿ ಕೊಟ್ಟಲ್ಲೇ ಒಂದು ಫ್ಲಾಪಿ ಸಿಗತೈತೇನು ಅಂತ. ಅವರ ಕಡೆ ಒಂದೂ ಉಳದಿದ್ದಿಲ್ಲ. ರಜಿಸ್ಟರ್ ತೋರಿಸಿದ್ರು. ಎಲ್ಲಾರ ಹೆಸರಿನ ಮುಂದ ‘ಮರಳಿ ಬಂತು’ ಅಂತಿತ್ತು. ಒಂದ ಹೆಸರಿನ ಮುಂದ ಖಾಲಿ.”

ನೇರವಾಗಿ ನನ್ನನ್ನೇ ಕೇಳಬಹುದಿತ್ತಲ್ಲ ಎಂದೆ.

“ಕೇಳಿದ್ರ ಇಲ್ಲ ಅಂತಿದ್ರಿ ಉಡಚಪ್ಪನವರ. ಒಮ್ಮೆ ಬಾಯಿಲೆ ಇಲ್ಲ ಅಂದ ಮ್ಯಾಲೆ, ಮನಸ್ಸಾದ್ರೂ ಕೊಡಾಕ ನಿಮಗ ಬರ್ತಿದ್ದಿಲ್ಲ. ನೀವ ಬಂದು ನೋಡಿದ್ರ ತಂದ ಕೊಡ್ತೀರಿ ಅನ್ನಿಸ್ತು. ಶನಿವಾರ ಹಂಗ ಎದ್ದ ಹೋದ್ರಿ, ಅವಾಗಷ್ಟ ಸ್ವಲ್ಪ ಹೆದರಿಕಿ ಆತು.”

ಮೇಜಿನ ಖಾನೆಯಿಂದ ನನ್ನ ಫ್ಲಾಪಿ ತೆಗೆದು ಕೊಟ್ಟರು. ಸಂಘಕ್ಕೆ ಎರಡು ಪ್ರತಿ ಮಾಡಿಕೊಂಡಿದ್ದಾರಂತೆ. ಹುಬ್ಬಳ್ಳಿಗೆ ಹೋದಾಗ ಇದನ್ನು ಅಲ್ಲಿ ಒಪ್ಪಿಸಿದರೆ ಆ ಖಾಲಿ ಜಾಗ ತುಂಬುತ್ತದೆ ಎಂದರು. ಪತ್ರಿಕೆಯಲ್ಲಿ ಏನು ಬರೆಯಲಿ, ನಿಮಗೇನು ಬೇಕು ಎಂದು ಕೇಳಿದೆ. ಕಾಯಂ ನೌಕರಿ ಎನ್ನುತ್ತಾರೆ ಎಂದುಕೊಂಡಿದ್ದೆ. ಗಾಳಿಕಿಂಡಿಗೆ ಹತ್ತಿ ಹೋಗದಂತೆ ಒಂದು ಸಣ್ಣ ಜಾಳಿಗೆ ಬೇಕಂತೆ. ಮತ್ತೆ, ಈ ಸಲದ ಮಹಾನವಮಿಗೆ ಕುಂಕುಮವನ್ನು ಯಂತ್ರದ ಹೊರಮೈಗೆ ಎಷ್ಟಾದರೂ ಹಚ್ಚಲಿ, ಫ್ಲಾಪಿಗೆ ಬೇಡ ಎಂದು ಬರೆಯಬೇಕಂತೆ, ಗುದ್ಲೆಪ್ಪನ ಹೆಸರು ಕೆಡದ ಹಾಗೆ. ಅದೊಂದನ್ನು ಮಾತ್ರ ನಡೆಸಿಕೊಡಲು ನನ್ನಿಂದ ಆಗಿಲ್ಲ, ಕ್ಷಮಿಸಬೇಕು.

ಎದ್ದು ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ಕರೆದರು.

“ಉಡಚಪ್ಪನವರ, ಆ ಕಾರ್ಡಿನ್ಯಾಗ ತಪ್ಪೇನರ ಇದ್ದಾವೇನ್ರಿ? ಗಡಿಬಿಡಿಯಾಗ ಬರದಿದ್ದೆ.”

ಒಂದೂ ಇಲ್ಲ. ಬಸ್ಸಿನಲ್ಲಿ ಕೂತು ಮೂರು ಸಲ ಹುಡುಕಿದ್ದೇನೆ.